ಅಪ್ಪ ತೆಗೆದವರು, ಅಪ್ಪ ಬಿಡಿಸಿದವರು

ನಮ್ಮಪ್ಪ ಯುದ್ಧದಲ್ಲಿ ಒಂದೇ ಒಂದು ಗುಂಡನ್ನೂ ಹಾರಿಸಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಅವನ ಬಾಯಿಂದ ಬರುವ ಮಾತು ಕೇಳಿ ಯಾರೂ ಇನ್ನೇನೋ ಅಂದುಕೊಳ್ಳಬಾರದು. ಎಪ್ಪತ್ತೊಂದರಲ್ಲಿ ಅವನು ಮರಳುಗಾಡಿನ ಗಡಿಯಲ್ಲಿ ಟೆಲಿಫೋನ್ ತಂತಿ ಎಳೆಯುವ ಸಿಪಾಯಿ. ತಂತಿ ಸುತ್ತಿದ ಉರುಳೆಯನ್ನು ಬೆನ್ನಿಗೆ ಹೊತ್ತು ಒಂದು ಬಂಕರಿನಿಂದ ಇನ್ನೊಂದಕ್ಕೆ ಓಡುವುದು, ತುಂಡಾದ ಕಡೆ ಹಲ್ಲಲ್ಲೇ ಸುಲಿದು ಗಂಟು ಹಾಕುವುದು, ಆಮೇಲೆ "ಹಲೋ, ಕೇಳಿಸ್ತಿದೆಯಾ" ಅಂತ ಕೂಗುವುದು. ಅವನು ಮಾಡಿದ ಯುದ್ಧ ಇಷ್ಟೇ. ಬಂದೂಕೂ ಇತ್ತು. ಓಡುವಾಗ ಸೊಂಟಕ್ಕೆ ಬಡಿಯುತ್ತೆ ಅಂತ ಅದನ್ನು ಬೈದುಕೊಳ್ಳುತ್ತಿದ್ದನಂತೆ.

ಅದರ ಜೊತೆಗೆ ಅವನ ಹತ್ತಿರ ಒಂದು ಡಬ್ಬಿ ಕ್ಯಾಮೆರಾ ಇತ್ತು. ವರ್ಗವಾಗಿ ಹೋದ ಸಾಹೇಬರೊಬ್ಬರು ಕೊಟ್ಟು ಹೋಗಿದ್ದು. ತೋಪು, ನಕ್ಷೆ, ಬಂಕರು ಯಾವುದನ್ನೂ ತೆಗೆಯುವ ಹಾಗಿಲ್ಲ ಅಂತ ಕಟ್ಟಪ್ಪಣೆ. ಇನ್ನು ಉಳಿದದ್ದು ಜನ. ಹಾಗಾಗಿ ಅಪ್ಪ ಜನರನ್ನು ತೆಗೆದ. ಮರಳಿನಲ್ಲಿ ತಟ್ಟೆ ಉಜ್ಜುತ್ತಿರುವವನು, ಟೆಲಿಫೋನ್ ತಂತಿಯ ಮೇಲೆ ಕಾಲುಚೀಲ ಒಣಹಾಕುತ್ತಿರುವವನು, ಊರಿಂದ ಬಂದ ಹುರಿಹಿಟ್ಟಿನ ಡಬ್ಬಿ ತಬ್ಬಿಕೊಂಡು ನಿದ್ದೆ ಹೋದವನು, ಮುಖಕ್ಕೆಲ್ಲ ಸೋಪು ಬಳಿದುಕೊಂಡು ಒಡೆದ ಕನ್ನಡಿಯಲ್ಲಿ ತನ್ನನ್ನೇ ನೋಡಿ ನಗುತ್ತಿರುವವನು. ರೀಲು ಮುಗಿದರೆ ರಜೆಗೆ ಹೋದವನು ಯಾರಾದರೂ ತಂದುಕೊಡುವವರೆಗೆ ಕಾಯಬೇಕು. ಆಗೆಲ್ಲ ಅಪ್ಪ ಸಂದೇಶ ಬರೆಯುವ ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಚಿತ್ರ ಬಿಡಿಸುತ್ತಿದ್ದ. ರೀಲಿದ್ದಾಗ ಎದುರಿಗೆ ಸಿಕ್ಕವರು ಫೋಟೋದಲ್ಲಿದ್ದಾರೆ, ಇಲ್ಲದಾಗ ಸಿಕ್ಕವರು ಪೆನ್ಸಿಲಿನಲ್ಲಿದ್ದಾರೆ. ಅವರಿಗೂ ಇವರಿಗೂ ಬೇರೆ ಯಾವ ವ್ಯತ್ಯಾಸವೂ ಇರಲಿಲ್ಲ.

ಸೈನ್ಯದಿಂದ ಬಂದ ಮೇಲೆ ಅಪ್ಪ ಜಾಲಹಳ್ಳಿಯ ಕಾರ್ಖಾನೆಯೊಂದರ ಟೆಲಿಫೋನ್ ವಿಭಾಗದಲ್ಲಿ ದುಡಿದು, ಶೆಟ್ಟಿಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಲೇ ಅಲ್ಲೊಂದು ಮನೆ ಕಟ್ಟಿಸಿದ. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ನಾವಿಬ್ಬರೇ. ನನಗೆ ಮದುವೆ ಆಗಲಿಲ್ಲ. ಯಾಕೆ ಅನ್ನುವ ಪುರಾಣ ಇಲ್ಲಿ ಬೇಡ. ಯಶವಂತಪುರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಅಪ್ಪ ಗ್ಯಾಸ್ ತಿರುಗಿಸಿ ಬೆಂಕಿ ಹಚ್ಚುವುದನ್ನು ಮರೆಯಲು ಶುರುಮಾಡಿದ ಮೇಲೆ ಕೆಲಸ ಬಿಟ್ಟೆ.

ಮರೆವಿನ ಕಾಯಿಲೆ ಹೆಸರುಗಳನ್ನು ಮೊದಲು ತಿನ್ನುತ್ತದೆ. ಅಪ್ಪನಿಗೂ ಹಾಗೇ ಆಯಿತು. ಜನರ ಹೆಸರು ಹೋಯಿತು, ಆಮೇಲೆ ಊರುಗಳದ್ದು, ಆಮೇಲೆ ಸಾಮಾನುಗಳದ್ದು. "ಅದು ತಾರೇ, ಅದೇ, ಕುಡಿಯೋದು" ಅಂದರೆ ಲೋಟ ಅಂತ ನಾನು ತಿಳಿದುಕೊಳ್ಳಬೇಕು. ಹೇಗೋ ನಡೆಯುತ್ತಿತ್ತು. ಬೆಳಗಿನ ತಿಂಡಿ ಆದ ಮೇಲೆ ಹಳೆಯ ಆಲ್ಬಮ್ ಬಿಚ್ಚಿಕೊಂಡು ಕೂರುವುದು ನಮ್ಮಿಬ್ಬರ ಅಭ್ಯಾಸ. ಪುಟ ಮಗುಚಿದಾಗಲೆಲ್ಲ ಅಪ್ಪ ಬೆರಳಿಟ್ಟು "ಇವನ್ನ ತೆಗ್ದಿದ್ದು ನಾನೇ" ಅನ್ನುತ್ತಿದ್ದ. ಚಿಕ್ಕಂದಿನಿಂದ ಕೇಳಿದ ಮಾತು, ಏನು ವಿಶೇಷ?

ಒಂದು ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ ಅದನ್ನೇ ಅಂದ.

"ಇವನ್ನ ತೆಗ್ದಿದ್ದೂ ನಾನೇ."

"ಹೌದಪ್ಪಾ, ನೀನೇ. ಆರೋಗುತ್ತೆ, ತಿನ್ನು."

"ನಗ್ತಾ ಇದ್ದ ಕಣೇ, ಪಾಪ. ಹತ್ರ ಹೋಗಿ ತೆಗ್ದುಬಿಟ್ಟೆ."

"ಚೆನ್ನಾಗೇ ತೆಗ್ದಿದೀಯ ಬಿಡು."

ಅಪ್ಪ ನನ್ನ ಮುಖ ನೋಡಿದ. ಹೆತ್ತ ಮಗಳ ಬಾಯಲ್ಲಿ ಇಂಥ ಮಾತು ಬಂತಲ್ಲ ಅನ್ನುವ ಹಾಗಿತ್ತು ಆ ನೋಟ. "ಚೆನ್ನಾಗಿ ಅಂತೀಯಲ್ಲೇ! ಅವನ ಹೆಂಡ್ತಿ ಮಕ್ಳು ಏನಾದ್ರೋ. ಇಷ್ಟು ಜನರನ್ನ ತೆಗ್ದಿದೀನಿ, ನನ್ನ ಹಿಡ್ಕೊಂಡು ಹೋಗೋಕೆ ಯಾಕೆ ಇನ್ನೂ ಯಾರೂ ಬಂದಿಲ್ಲ?"

ನನಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ಆದ ಮೇಲೆ ಆಗದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಒಂದು ಸುಡುಗಾಡು ಪದ! ಫೋಟೋ ತೆಗೆಯುವುದಕ್ಕೂ ಅದೇ, ಜೀವ ತೆಗೆಯುವುದಕ್ಕೂ ಅದೇ. ಬಾಗಿಲು ತೆಗಿ, ಚಪ್ಪಲಿ ತೆಗಿ, ದೃಷ್ಟಿ ತೆಗಿ ಅಂತ ಬೆಳಗಿನಿಂದ ಸಂಜೆವರೆಗೆ ನಾವೆಲ್ಲ ಆಡುವ ಪದ. ಎಲ್ಲ ಹೆಸರುಗಳ ಜೊತೆ 'ಫೋಟೋ' ಅನ್ನುವುದೂ ಅಪ್ಪನ ತಲೆಯಿಂದ ಜಾರಿಹೋಗಿತ್ತು. 'ತೆಗೆದೆ' ಅನ್ನುವುದು ಮಾತ್ರ ಅಲ್ಲೇ ಕೂತಿತ್ತು. ಎದುರಿಗೆ ನಗುತ್ತಿರುವ ಹುಡುಗರ ಮುಖಗಳು, ಮೈಮೇಲೆ ಯೂನಿಫಾರ್ಮು, ಕೈಯಲ್ಲಿ 'ತೆಗೆದೆ'. ಇನ್ನೇನು ಬೇಕು?

"ಅಪ್ಪಾ, ನೀನು ತೆಗೆದಿದ್ದು ಫೋಟೋ. ಫೋಟೋ! ಕ್ಯಾಮೆರಾದಲ್ಲಿ!" ಅಂತ ಕಣ್ಣಿನ ಹತ್ತಿರ ಕೈ ಹಿಡಿದು ಕ್ಲಿಕ್ ಅಂತ ಮಾಡಿ ತೋರಿಸಿದೆ. ಅಪ್ಪ ತಲೆಯಾಡಿಸಿದ. ನಾನು ಒಂದು ಕಣ್ಣು ಮುಚ್ಚಿ ಬೆರಳು ಒತ್ತಿದ್ದು ಅವನಿಗೆ ಬೇರೆ ಇನ್ನೇನನ್ನೋ ತೋರಿಸಿತ್ತು ಅನ್ನುವುದು ಅವನ ಮುಖ ನೋಡಿದ ಮೇಲೆ ಹೊಳೆಯಿತು. ಅಯ್ಯೋ ನನ್ನ ಬುದ್ಧಿಯೇ ಅಂತ ಹಣೆ ಹಣೆ ಚಚ್ಚಿಕೊಂಡೆ.

ಆ ಆಲ್ಬಮ್ಮಿನಲ್ಲಿ ಯುದ್ಧದಲ್ಲಿ ನಿಜವಾಗಿಯೂ ಸತ್ತವನು ಒಬ್ಬನೇ. ಅಪ್ಪನ ಜೊತೆಯಲ್ಲೇ ತಂತಿ ಎಳೆಯುತ್ತಿದ್ದ, ದೊಡ್ಡಬಳ್ಳಾಪುರದ ಆಚೆಯ ಹಳ್ಳಿಯ ಹುಡುಗ. ಮರಳಲ್ಲಿ ಹೂತಿಟ್ಟ ಸಿಡಿಮದ್ದಿನ ಮೇಲೆ ಕಾಲಿಟ್ಟ. ಯುದ್ಧ ಮುಗಿದು ರಜೆಗೆ ಬಂದಾಗ ಅಪ್ಪ ಅವನ ಫೋಟೋ ತೊಳೆಸಿಕೊಂಡು ಆ ಹಳ್ಳಿ ಹುಡುಕಿಕೊಂಡು ಹೋಗಿದ್ದ. ಮನೆಯಲ್ಲಿ ಅವನದ್ದು ಅಂತ ಒಂದು ಫೋಟೋ ಕೂಡ ಇರಲಿಲ್ಲವಂತೆ. ತಾಯಿ ಅದನ್ನು ಸೆರಗಿನಲ್ಲಿ ಒರೆಸಿ ಒರೆಸಿ ನೋಡಿ, "ನನ್ ಮಗನ್ನ ತೆಗ್ದೋನು ನೀನೇಯೇನಪ್ಪಾ? ಒಳೀಕ್ ಬಾ, ಯಾಕಿಂಗ್ ನಿಂತಿದೀಯ, ಉಣ್ಣೀವಂತೆ" ಅಂದಿದ್ದಳಂತೆ. ಅಪ್ಪ ಇದನ್ನು ಎಷ್ಟೋ ಸಲ ಹೇಳಿದ್ದ. ಆ ಹೆಂಗಸಿನ ಒಳ್ಳೆಯತನಕ್ಕೆ ಹೇಳುತ್ತಿದ್ದ. ಈಗ ಅದೇ ಪ್ರಶ್ನೆ ಅವನ ಒಳಗೆ ಬೇರೆ ಥರ ಕೇಳಿಸುತ್ತಿತ್ತೋ ಏನೋ, ಯಾರು ಬಲ್ಲರು.

ಹೆಬ್ಬಾಳದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ವಾದ ಮಾಡ್ಬೇಡಿ ಮೇಡಂ. ಅವರು ಏನು ಹೇಳಿದ್ರೂ ಹೂಂ ಅನ್ನಿ, ಆಮೇಲೆ ಮಾತು ಬೇರೆ ಕಡೆ ತಿರುಗಿಸಿ" ಅಂದರು. ಕೊಲೆ ಮಾಡಿದೀನಿ ಅಂದರೆ ಹೂಂ ಅನ್ನಲಾ? ಹೂಂ ಅಪ್ಪಾ, ಮಾಡಿದೀಯ, ತಗೋ ಕಾಫಿ ಕುಡಿ ಅನ್ನಲಾ? ಇರುವೆ ಸಾಲು ಕಂಡರೆ ದಾಟಿ ಹೋಗುವ ಮನುಷ್ಯ ನಮ್ಮಪ್ಪ. ಅವನು ಬದುಕುವುದಿಲ್ಲ, ಜ್ಞಾಪಕ ವಾಪಸ್ ಬರುವುದಿಲ್ಲ, ಇವೆಲ್ಲ ನನಗೆ ಗೊತ್ತಿತ್ತು, ಒಪ್ಪಿಕೊಂಡಿದ್ದೆ. ಆದರೆ ಕೊಲೆಗಾರನಾಗಿ ಸಾಯಬಾರದು. ನನಗೆ ಬೇಕಿದ್ದದ್ದು ಇದೊಂದೇ.

ಇದರ ನಡುವೆ ನಮ್ಮ ಬಡಾವಣೆಯ ಸಂಘದವರು ಬಂದರು. ಜನವರಿ ಇಪ್ಪತ್ತಾರಕ್ಕೆ ಪಾರ್ಕಿನಲ್ಲಿ ಬಾವುಟ ಹಾರಿಸಿ ಅಪ್ಪನಿಗೆ ಸನ್ಮಾನ ಮಾಡುತ್ತಾರಂತೆ, ಆಲ್ಬಮ್ಮಿನ ಫೋಟೋಗಳನ್ನು ದೊಡ್ಡದು ಮಾಡಿಸಿ ಸುತ್ತ ತೂಗುಹಾಕುತ್ತಾರಂತೆ. ಬೇಡ ಅಂದೆ. ಅವರಿಗೆ ಹುಷಾರಿಲ್ಲ ಅಂದೆ. ಕಾರ್ಯದರ್ಶಿ ಎಲ್ಲಿ ಬಿಡುತ್ತಾನೆ! "ಮೇಡಂ, ಸುಮ್ನೆ ಬಂದು ಕೂತ್ಕೊಂಡ್ರೆ ಸಾಕು. ನಮ್ಮ ಏರಿಯಾದಲ್ಲಿ ಇಂಥೋರೊಬ್ರು ಇದಾರೆ ಅಂತ ಮಕ್ಕಳಿಗೆ ಗೊತ್ತಾಗ್ಬೇಕಲ್ವಾ?" ಅಂದ. ಜನರ ನಡುವೆ ಕೂತರೆ ಅಪ್ಪನ ಮನಸ್ಸು ಹಗುರಾಗಬಹುದು ಅಂತ ನನಗೂ ಒಂದು ಆಸೆ ಹುಟ್ಟಿತು.

ಅಪ್ಪನಿಗೆ ಪೇಟ ಇಟ್ಟರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಸುತ್ತಲೂ ಬಾಗಿಲಿನಷ್ಟು ದೊಡ್ಡದಾಗಿ ಆ ಮುಖಗಳು. ಅಪ್ಪ ಒಂದೊಂದನ್ನೂ ನೋಡುತ್ತ ಕುರ್ಚಿಯಲ್ಲಿ ಸಣ್ಣಗಾಗುತ್ತಾ ಹೋದ. ಎದ್ದು ಹೋಗೋಣ ಅಂತ ನಾನು ಕೈ ಹಿಡಿಯುವಷ್ಟರಲ್ಲಿ ಯಾರೋ ಅವನ ಬಾಯಿಗೆ ಮೈಕ್ ಹಿಡಿದೇಬಿಟ್ಟರು. ಅಪ್ಪ ಎದ್ದು ನಿಂತು, ನಿಯಮ ಪ್ರಕಾರ ಅಟೆನ್ಷನ್ನಲ್ಲಿ ನಿಂತು, ಸ್ಪಷ್ಟವಾಗಿ ಹೇಳಿದ.

"ಇವರನ್ನೆಲ್ಲ ತೆಗೆದೋನು ನಾನೇ. ಒಬ್ಬೊಬ್ಬರನ್ನೂ ಹತ್ತಿರ ಹೋಗಿ ತೆಗೆದೆ. ನನ್ನ ನಂಬಿ ಅಲ್ಲಾಡದೆ ನಿಂತಿದ್ರು. ಕೆಲವರು ನಿದ್ದೆ ಮಾಡ್ತಾ ಇದ್ರು, ಅವರನ್ನೂ ಬಿಡಲಿಲ್ಲ. ಯಾರೂ ಹೇಳಿ ಮಾಡ್ಸಿದ್ದಲ್ಲ, ನಾನಾಗೇ ಮಾಡಿದ್ದು. ಇವತ್ತು ಎಲ್ಲರ ಎದುರಿಗೆ ಒಪ್ಕೋತಾ ಇದೀನಿ."

ಏನು ಚಪ್ಪಾಳೆ, ಏನು ಚಪ್ಪಾಳೆ! ಹಿಂದಿನಿಂದ ಒಬ್ಬ "ಸೂಪರ್ ಸಾರ್!" ಅಂತ ಕೂಗಿದ. ಹೆಂಗಸರು ಕಣ್ಣೊರೆಸಿಕೊಂಡರು. "ಎಷ್ಟು ಸರಳ ಮನುಷ್ಯ ಕಣ್ರೀ" ಅಂತ ಪಕ್ಕದವರು ನನ್ನ ಕೈ ಅದುಮಿದರು. ಅಪ್ಪ ಆ ಚಪ್ಪಾಳೆ ತಟ್ಟುವ ಕೈಗಳನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದ. ಶಿಕ್ಷೆಗೆ ತಲೆಯೊಡ್ಡಿದವನಿಗೆ ಜನ ಹಾರ ಹಾಕಿದ್ದರು. ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡು, "ಇವರೆಲ್ಲ ಎಂಥಾ ಜನಾನೇ?" ಅಂತ ಕೇಳಿದ. ಅವನು ಹೆದರಿದ್ದ. ನನಗೆ ಅಲ್ಲೇ ರಸ್ತೆಯಲ್ಲಿ ಕೂತು ಬಾಯಿ ಬಡಿದುಕೊಳ್ಳಬೇಕು ಅನ್ನಿಸಿತು.

ಆಲ್ಬಮ್ಮನ್ನು ಎತ್ತಿ ಅಟ್ಟಕ್ಕೆ ಹಾಕಿದೆ. ಏನೂ ಪ್ರಯೋಜನವಾಗಲಿಲ್ಲ, ಮುಖಗಳು ಅಪ್ಪನ ಒಳಗೇ ಇದ್ದವು. ಅದರಲ್ಲೂ ಸೋಪು ಬಳಿದುಕೊಂಡು ನಗುತ್ತಿದ್ದವನು ಅವನನ್ನು ತಿಂದುಹಾಕುತ್ತಿದ್ದ. "ಮುಖ ತೊಳ್ಕೊಳೋಕೂ ಬಿಡ್ಲಿಲ್ಲ ನಾನು" ಅಂತ ಊಟದ ನಡುವೆ ಕೈ ನಿಲ್ಲಿಸುತ್ತಿದ್ದ. ಆ ಮನುಷ್ಯ ಸತ್ತೇ ಇಲ್ಲ! ತಣಿಸಂದ್ರದಲ್ಲಿ ಮಗನ ಫ್ಲಾಟಿನಲ್ಲಿ ಮೊಮ್ಮಕ್ಕಳನ್ನು ಗದರಿಸಿಕೊಂಡು ಗಟ್ಟಿಮುಟ್ಟಾಗಿದ್ದಾರೆ. ನಾನು ಚಿಕ್ಕವಳಿದ್ದಾಗ ರಂಜಾನ್‌ಗೆ ನಮ್ಮ ಮನೆಗೆ ಶೀರ್ ಖುರ್ಮಾ ತರುತ್ತಿದ್ದ ಚಾಚಾ ಅವರು. ಮಂಡಿ ಆಪರೇಷನ್ ಆದ ಮೇಲೆ ಓಡಾಟ ನಿಂತು, ಕೆಲವು ವರ್ಷಗಳಿಂದ ಅಪ್ಪನೂ ಅವರೂ ಭೇಟಿಯಾಗಿರಲಿಲ್ಲ. ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ? ಸತ್ತವನೇ ಎದುರಿಗೆ ಬಂದು ಕೂತರೆ ಕೊಲೆ ಎಲ್ಲಿ ಉಳಿಯುತ್ತೆ? ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಚಾಚಾ ಬಿದ್ದು ಬಿದ್ದು ನಕ್ಕರು. "ನನ್ನನ್ನೇ ಹೊಡೆದುಹಾಕಿದಾನಾ ಆ ಬದ್ಮಾಶು? ಭಾನುವಾರ ಬರ್ತೀನಿ ಇರು ಬೇಟಿ, ಕಿವಿ ಹಿಂಡ್ತೀನಿ."

ಆಟೋ ಇಳಿದು ಕೋಲೂರಿಕೊಂಡು ಬಂದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅಪ್ಪ ಎದ್ದು ನಿಂತು, ಗುರುತು ಸಿಗದ ದೊಡ್ಡವರಿಗೆ ಮಾಡುವ ಹಾಗೆ ಕೈಮುಗಿದ.

"ಲೋ, ನಾನೇ ಕಣೋ!" ಅಂದರು ಚಾಚಾ. ನಾನು ಅಟ್ಟದಿಂದ ಆ ಫೋಟೋ ತೆಗೆದು ಇಟ್ಟಿದ್ದೆ. ಅದನ್ನು ತಮ್ಮ ಮುಖದ ಪಕ್ಕ ಹಿಡಿದುಕೊಂಡು, ನನ್ನ ಟವೆಲ್ ಇಸಿದುಕೊಂಡು ಗಡ್ಡ ಮುಚ್ಚಿ, "ಈಗ ನೋಡು, ಸೋಪು ಅನ್ಕೋ" ಅಂತ ಅದೇ ಥರ ನಕ್ಕರು.

ಅಪ್ಪ ಫೋಟೋ ನೋಡಿದ, ಅವರನ್ನು ನೋಡಿದ. ಮತ್ತೆ ಫೋಟೋ ನೋಡಿದ. "ಮೂಗು ಅದೇ," ಅಂದ. "ಕಣ್ಣೂ ಅದೇ. ನಗೋದೂ ಹಂಗೇ."

"ಹಾಂ, ನೋಡ್ದಾ!" ನಾನು ಕೂಗಿಯೇಬಿಟ್ಟೆ.

"ನೀವು ಅವನ ತಂದೆಯೋರಾ?" ಅಂತ ಕೇಳಿದ ಅಪ್ಪ.

ನಾವಿಬ್ಬರೂ ಬಾಯಿ ತೆರೆಯುವ ಮೊದಲೇ ಅಪ್ಪ ಕುರ್ಚಿ ಹಿಡಿದು ನೆಲಕ್ಕೆ ಇಳಿದು ಅವರ ಕಾಲು ಹಿಡಿದುಕೊಂಡ. "ನಿಮ್ಮ ಮಗನ್ನ ತೆಗೆದೋನು ನಾನೇ ಸ್ವಾಮಿ. ತಪ್ಪಾಯ್ತು ಅನ್ನೋಕೂ ನನಗೆ ಯೋಗ್ಯತೆ ಇಲ್ಲ."

"ಏಳೋ, ಏಳು! ಯಾರ ತಂದೆ? ನಾನು ಕಣೋ, ಬದುಕಿದೀನಿ ನೋಡು!"

"ಮಗ ಹೋದ ಮೇಲೂ ಬದುಕಿರೋದು ಕಷ್ಟ ಸ್ವಾಮಿ," ಅಂದ ಅಪ್ಪ.

ಚಾಚಾ ನನ್ನ ಕಡೆ ನೋಡಿದರು. ಅಪ್ಪ ಕಾಲು ಬಿಡುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಚಾಚಾ ಟವೆಲ್ಲನ್ನು ಕೆಳಗಿಟ್ಟು, ಅಪ್ಪನ ತಲೆಯ ಮೇಲೆ ಕೈಯಿಟ್ಟರು. "ಆಯ್ತಪ್ಪಾ. ಮಾಫ್ ಮಾಡಿದೀನಿ. ನಮ್ಮ ಹುಡುಗ... ನಮ್ಮ ಹುಡುಗನೂ ಮಾಫ್ ಮಾಡಿದಾನೆ. ಏಳು ಈಗ."

ಅಪ್ಪ ಮಗುವಿನ ಹಾಗೆ ಅತ್ತ. ಆಮೇಲೆ ಹೊಟ್ಟೆ ತುಂಬ ಉಂಡ, ಎಷ್ಟೋ ದಿನದ ಮೇಲೆ ಇನ್ನೊಂದು ಸೌಟು ಸಾರು ಕೇಳಿ ಹಾಕಿಸಿಕೊಂಡ. ಸುಳ್ಳೋ ನಿಜವೋ, ಅವನಿಗೆ ನೆಮ್ಮದಿ ಸಿಕ್ಕಿತಲ್ಲ ಅಂತ ನಾನು ದೇವರ ಮುಂದೆ ದೀಪ ಹಚ್ಚಿದೆ. ಗೇಟಿನ ಹತ್ತಿರ ಚಾಚಾ, "ನಾನು ಸತ್ತಿದ್ದಕ್ಕೆ ನಾನೇ ಮಾಫಿ ಕೊಟ್ಟು ಹೋಗ್ತಾ ಇದೀನಿ ನೋಡಮ್ಮಾ" ಅಂತ ನಗುವುದಕ್ಕೆ ನೋಡಿದರು. ನಗು ಬರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಕಾಫಿ ಕೊಟ್ಟಾಗ ಅಪ್ಪ ಲೋಟ ಹಿಡಿದುಕೊಂಡು, "ಆ ಹುಡುಗನ ಮನೆಯೋರಿಗೆ ಯಾರಾದ್ರೂ ವಿಷಯ ತಿಳ್ಸಿದ್ರಾ?" ಅಂತ ಕೇಳಿದ.

"ತಿಳಿಸಿ ಆಯ್ತು! ಬಂದಿದ್ರು! ನಿನ್ನೆ ಇದೇ ಜಾಗದಲ್ಲಿ ಕೂತು ಮಾಫ್ ಮಾಡಿ ಹೋದ್ರು!" ನನ್ನ ದನಿ ಬೀದಿಗೆ ಕೇಳಿಸುವಷ್ಟಿತ್ತು.

"ಬಂದಿದ್ರಾ? ನನ್ನ ಯಾಕೆ ಕರೀಲಿಲ್ಲ?"

ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮನಸಾರೆ ಅತ್ತೆ. ಮಾಫಿ ಅವನ ತಲೆಯಲ್ಲಿ ಒಂದು ರಾತ್ರಿಯೂ ನಿಲ್ಲಲಿಲ್ಲ. ಮಾಡದ ಕೊಲೆ ಮಾತ್ರ ಕಲ್ಲಿನ ಹಾಗೆ ಕೂತಿತ್ತು. ದೇವರು ಅನ್ನುವವನು ಕೈಗೆ ಸಿಕ್ಕಿದ್ದರೆ ಆವತ್ತು ಕೊರಳಪಟ್ಟಿ ಹಿಡಿದು ಕೇಳುತ್ತಿದ್ದೆ.

ಇನ್ನೊಂದು ದಾರಿ ಕಂಡದ್ದು ಅಪ್ಪನ ಬಾಯಿಂದಲೇ. ಅಟ್ಟದಿಂದ ಫೋಟೋ ತೆಗೆಯುವಾಗ ಪೆನ್ಸಿಲ್ ಚಿತ್ರಗಳ ಕವರೂ ಕೆಳಗೆ ಬಂದಿತ್ತು. ಅಪ್ಪ ಅದನ್ನು ಬಿಚ್ಚಿಕೊಂಡು ಕೂತಿದ್ದ, ಮುಖದಲ್ಲಿ ಯಾವ ಕಳವಳವೂ ಇರಲಿಲ್ಲ. "ಇವರು ಪುಣ್ಯವಂತರು," ಅಂದ. "ಇವನ್ನ ಬಿಡಿಸ್ದೆ. ಇವನ್ನೂ ಬಿಡಿಸ್ದೆ. ಇಷ್ಟೇ ಜನರನ್ನ ಬಿಡಿಸೋಕೆ ಆಗಿದ್ದು ನನ್ನ ಕೈಲಿ." ಅಂದರೆ, ರೀಲಿಗೆ ಸಿಕ್ಕವರನ್ನು ತೆಗೆದ, ಪೆನ್ಸಿಲಿಗೆ ಸಿಕ್ಕವರನ್ನು ಬಿಡಿಸಿದ! 'ಚಿತ್ರ' ಅನ್ನುವುದೂ ಹೋಗಿ 'ಬಿಡಿಸಿದೆ' ಒಂದು ಉಳಿದಿತ್ತು. ಸೆರೆಯಿಂದಲೋ ಸಾವಿನಿಂದಲೋ ಅವರನ್ನೆಲ್ಲ ತಾನು ಬಿಡಿಸಿ ಕಳಿಸಿದೆ ಅಂತ ಅವನ ಲೆಕ್ಕ. ನನಗೆ ತಡೆಯಲಾಗಲಿಲ್ಲ, ಚಾಚಾಗೆ ಮತ್ತೆ ಫೋನ್ ಮಾಡಿದೆ. "ಇನ್ನೊಂದೇ ಸಲ ಬನ್ನಿ ಚಾಚಾ. ಅಪ್ಪ ನಿಮ್ಮ ಚಿತ್ರ ಬಿಡಿಸಿಬಿಡಲಿ. ಕಾಗದ ಕಣ್ಣೆದುರಿಗೇ ಇರುತ್ತೆ, ಮರೆತಾಗ ತೋರಿಸ್ತೀನಿ." ಅವರು "ಸರಿ" ಅಂದರು. ಈ ಸಲ ನಗಲಿಲ್ಲ.

ಬಂದು ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕೂತರು. ಅಪ್ಪನ ಕೈಗೆ ಪೆನ್ಸಿಲ್ ಕೊಟ್ಟು, ಮಡಿಲಿಗೆ ಹಲಗೆ ಇಟ್ಟು, ಸೋಪಿನ ಫೋಟೋ ಪಕ್ಕದಲ್ಲಿಟ್ಟೆ. "ಅಪ್ಪಾ, ಇವನನ್ನೂ ಬಿಡಿಸಿಬಿಡು. ನಿನ್ನ ಕೈಲಾಗುತ್ತೆ." ಅಪ್ಪನಿಗೆ ಅರ್ಥವಾಯಿತು. ಆಸೆಯಿಂದ ನನ್ನನ್ನು ನೋಡಿದ, ಬೆನ್ನು ನೆಟ್ಟಗೆ ಮಾಡಿಕೊಂಡ.

ಅಪ್ಪ ಯಾವಾಗಲೂ ಕಿವಿಯಿಂದ ಶುರುಮಾಡುತ್ತಿದ್ದ. ಟೆಲಿಫೋನ್‌ನವನು ನೋಡಿ, ಕಿವಿ ಕೂತರೆ ಮುಖ ತಾನಾಗಿ ಕೂರುತ್ತೆ ಅನ್ನುತ್ತಿದ್ದ. ಆವತ್ತೂ ಕಿವಿ ಬಂತು. ಅಬ್ಬಾ, ಎಂಥ ಕಿವಿ! ಚಾಚಾ ಅವರದ್ದೇ, ಅಗಲವಾಗಿ ತುದಿ ಬಾಗಿದ ಕಿವಿ. ಅದರ ಪಕ್ಕದಲ್ಲಿ ಅಪ್ಪ ಇನ್ನೊಂದು ಕಿವಿ ಹಾಕಿದ. ಆಮೇಲೆ ಅದರ ಕೆಳಗೆ ಇನ್ನೊಂದು. ಫೋಟೋ ನೋಡುತ್ತಾನೆ, ಚಾಚಾರನ್ನು ನೋಡುತ್ತಾನೆ, ಪೆನ್ಸಿಲ್ ಊರುತ್ತಾನೆ, ಮತ್ತೆ ಕಿವಿಯೇ ಬರುತ್ತದೆ. ಗೆರೆ ಅಲ್ಲಿಂದ ಕೆನ್ನೆಗೆ ಇಳಿಯುವುದೇ ಇಲ್ಲ. ಮಂಡಿ ನೋವಿದ್ದರೂ ಚಾಚಾ ಅಲ್ಲಾಡಲಿಲ್ಲ. ಅವರ ಕಣ್ಣಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು, ಅದನ್ನೂ ಒರೆಸಿಕೊಳ್ಳಲಿಲ್ಲ. ಹಾಳೆ ತುಂಬ ಕಿವಿಗಳಾದವು. ಅಪ್ಪನ ಹಣೆ ಬೆವರಿತು.

"ಇನ್ನೊಂಚೂರು ಅಪ್ಪಾ. ಮೂಗು, ಕಣ್ಣು. ಅಷ್ಟೇ," ಅಂದೆ. ಬೇಡಿಕೊಂಡೆ ಅಂದರೂ ಸರಿ.

ಅಪ್ಪ ಪೆನ್ಸಿಲ್ ಕೆಳಗಿಟ್ಟ. ಹಲಗೆಯಿಂದ ಹಾಳೆ ಬಿಡಿಸಿ, ಗೋಡೆ ಹಿಡಿದು ಎದ್ದು, ಅದನ್ನು ಎರಡೂ ಕೈಯಲ್ಲಿ ಚಾಚಾ ಅವರ ಮುಂದೆ ಒಡ್ಡಿದ.

"ತುಂಬ ನೋಡ್ದೆ ಸ್ವಾಮಿ," ಅಂದ. "ನಿಮ್ಮ ಮಗನ್ನ ನನ್ ಕೈಲಿ ಬಿಡ್ಸೋಕಾಗ್ಲಿಲ್ಲ."